ಈಶ್ವರಿ ಬಳ್ಳಿ ಕಡಿಯುತ್ತಿದ್ದದ್ದು ಯಾರು ಅಂತ ಕೊನೆಗೂ ಗೊತ್ತಾಯಿತು

ಹೋದ ವರ್ಷದ ಮಳೆಗಾಲದಿಂದ ತಲೆ ತಿನ್ನುತ್ತಿದ್ದ ಸಮಸ್ಯೆಗೆ ಉತ್ತರ ಸಿಕ್ಕಿದೆ. ಹಾಗಾಗಿ ಈ ಸಲ, ಚಿಟ್ಟೆಯ ಹುಳಗಳಿಗೆ ಊಟವಾಗಲಿ ಅಂತ ನಾನು ಬೆಳೆಸುವ ಗಿಡಗಳಲ್ಲಿ ಪೂರ್ತಿ ಈಶ್ವರಿ ಬಳ್ಳಿಯದ್ದೇ ಕತೆ. ನಿಂಬೆ, ಕರಿಬೇವಿನ ಕಡೆ ಕಾಮನ್ ಮಾರ್ಮನ್ ಚಿಟ್ಟೆಯ ಹುಳಗಳು ಆರಾಮಾಗಿವೆ. ಎಕ್ಕದ ಗಿಡದಲ್ಲಿ ಪ್ಲೇನ್ ಟೈಗರ್ ಚಿಟ್ಟೆ ಮೊಟ್ಟೆ ಇಟ್ಟಿದೆ. ಅವುಗಳ ಬಗ್ಗೆ ಹೊಸದಾಗಿ ಹೇಳುವಂಥದ್ದು ಏನಿಲ್ಲ.

ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಅದರ ಕೆಳ ಅಂಚಿನಲ್ಲಿ, ಹಳ್ಳದ ಪಕ್ಕ, ಹಾಲವಾಣದ ಮರಗಳಿಗೆ ಮೆಣಸಿನ ಬದಲು ಈಶ್ವರಿ ಬಳ್ಳಿ ಹಬ್ಬಿಸಿದ್ದೇನೆ. ಕಾಯುತ್ತಿರುವುದು ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ಗೆ. ಹುಳ ಹಿಡಿದು ಡಬ್ಬದಲ್ಲಿ ಸಾಕುವ ಕೆಲಸ ನಾನು ಮಾಡುವುದಿಲ್ಲ. ಬರ್ಡ್‌ವಿಂಗ್ ವ್ಯಾಪಾರಕ್ಕೆ ಸೈಟ್ಸ್ ಅನ್ನುವ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಕಡಿವಾಣ ಇದೆ. ಇದೇ ಬಳ್ಳಿಗೆ ಬರುವ ಇನ್ನೊಂದು ಚಿಟ್ಟೆ ಕ್ರಿಮ್ಸನ್ ರೋಸ್‌ಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಕಾಯ್ದೆ ಇಲ್ಲದಿದ್ದರೂ ನನಗೆ ಗಿಡ ಬೆಳೆಸುವುದರಲ್ಲೇ ಖುಷಿ. ಊಟ ಬಡಿಸಿಡೋಣ, ಬರುವವರು ಬರಲಿ.

ಬೀಜ ಮೊಳಕೆ ಬರಿಸಿದ್ದು, ಕಾಡುಮಣ್ಣಿಗೆ ಮರಳು ಸೇರಿಸಿ ಚೀಲ ತುಂಬಿದ್ದು, ನೆರಳಿನಲ್ಲಿಟ್ಟಿದ್ದು, ಇದೆಲ್ಲ ನಿಮಗೆ ಗೊತ್ತಿರುವುದೇ. ಆದರೆ ಗಿಡ ಕೊಳ್ಳುವವರಿಗೆ ಒಂದು ಮಾತು ಹೇಳಲೇಬೇಕು. ಬೀಜದ ಸಸಿ ಸಾಲದೆ ಆನ್‌ಲೈನ್‌ನಲ್ಲಿ ಒಂದು ನರ್ಸರಿಯಿಂದ ಸಸಿ ತರಿಸಿದೆ. ಚೀಟಿಯಲ್ಲಿ ‘ಈಶ್ವರಿ ಬಳ್ಳಿ’ ಅಂತಲೇ ಇತ್ತು. ಬಂದದ್ದು ದಕ್ಷಿಣ ಅಮೆರಿಕದ ಅಲಂಕಾರದ ಬಳ್ಳಿ, ಅರಿಸ್ಟೊಲೋಕಿಯಾ ಲಿಟೊರಾಲಿಸ್. ಗುರುತಿಸುವುದು ಸುಲಭ. ನಮ್ಮ ಈಶ್ವರಿ ಬಳ್ಳಿಯ ಎಲೆ ಉದ್ದುದ್ದ, ಕೆಲವೊಮ್ಮೆ ನಡುವೆ ಸೊಂಟ ಸಣ್ಣಗಾಗಿರುತ್ತದೆ. ಆ ಅಲಂಕಾರದ ಬಳ್ಳಿಯ ಎಲೆ ಅಗಲ. ಮುಖ್ಯವಾಗಿ, ತೊಟ್ಟು ಕಾಂಡಕ್ಕೆ ಸೇರುವ ಕಡೆ ಒಂದು ದುಂಡನೆಯ ಪುಟ್ಟ ಎಲೆ ಕಾಂಡವನ್ನು ಅಪ್ಪಿಕೊಂಡಿರುತ್ತದೆ. ಅದು ಕಂಡರೆ ಸಸಿ ವಾಪಸ್ ಮಾಡಿ. ಆಸ್ಟ್ರೇಲಿಯಾದ ರಿಚ್ಮಂಡ್ ಬರ್ಡ್‌ವಿಂಗ್ ಇದೇ ಬಳ್ಳಿಯಿಂದ ಎಷ್ಟು ಕಷ್ಟಪಟ್ಟಿದೆ ಗೊತ್ತಾ? ತಾಯಿ ಚಿಟ್ಟೆ ತನ್ನ ಬಳ್ಳಿಯೇ ಅಂತ ನಂಬಿ ಮೊಟ್ಟೆ ಇಡುತ್ತದೆ, ಎಲೆ ತಿಂದ ಮರಿಹುಳಗಳು ಸಾಯುತ್ತವೆ. ಅಲ್ಲಿನ ಜನ ಇದನ್ನು ಹುಡುಕಿ ಹುಡುಕಿ ಕೀಳುತ್ತಾರೆ. ಅಂಥದ್ದನ್ನು ಚಿಟ್ಟೆ ತೋಟಕ್ಕೆ ಅಂತ ಮಾರುವುದು ಸರಿಯಲ್ಲ. ಫೋಟೋ ಕಳಿಸಿ ಕೇಳಿದ್ದಕ್ಕೆ ‘ಎರಡೂ ಒಂದೇ ಜಾತಿ ಮೇಡಂ’ ಅಂದರು. ಒಂದೇ ಕುಲ ಅಷ್ಟೇ, ಜಾತಿ ಬೇರೆ. ಹಣವೂ ವಾಪಸ್ ಬರಲಿಲ್ಲ, ಸರಿಯಾದ ಸಸಿಯೂ ಬರಲಿಲ್ಲ. ಬಂದ ಸಸಿಗಳನ್ನೆಲ್ಲ ಸುಟ್ಟೆ.

ಈಗ ಅಸಲು ಸಮಸ್ಯೆಗೆ ಬರೋಣ.

ಹೋದ ವರ್ಷ ಆಗಸ್ಟ್ ಹೊತ್ತಿಗೆ ಬಳ್ಳಿ ಹಾಲವಾಣದ ಅರ್ಧ ಏರಿತ್ತು. ಎಲೆಯಡಿ ಮೊಟ್ಟೆಗಳು ಬಂದವು. ದುಂಡಗೆ, ಕಿತ್ತಳೆ ಛಾಯೆ, ಒಂದು ಕಡೆ ಒಂದೇ. ಹುಳಗಳೂ ಹೊರಬಂದವು. ಕಪ್ಪುಗೆಂಪು ಮೈ, ಮೈತುಂಬ ಮೆತ್ತನೆಯ ಮುಳ್ಳು, ನಡುಬೆನ್ನಿನ ಪಕ್ಕದಲ್ಲಿ ಓರೆಯಾದ ಬಿಳಿ ಪಟ್ಟೆ. ಕುಣಿದಾಡಿಬಿಟ್ಟೆ. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಮೇಲಿನ ಬಳ್ಳಿಯೆಲ್ಲ ಬಾಡಿ ಜೋತು ಬಿದ್ದಿದೆ. ನೆಲದಿಂದ ಮೊಣಕಾಲೆತ್ತರದಲ್ಲಿ ಕಾಂಡ ತುಂಡಾಗಿದೆ. ಎಲೆ ಒಣಗಿದ ಮೇಲೆ ಸಣ್ಣ ಹುಳಗಳಿಗೆ ಊಟ ಇಲ್ಲ. ಅವು ಸತ್ತವು. ಪಕ್ಕದ ಮರದಲ್ಲೂ ಹೀಗೇ ಆಯಿತು. ಅದರಾಚೆಯ ಮರದಲ್ಲೂ.

ಮೊದಲ ಅನುಮಾನ ಕಳೆ ಯಂತ್ರದ ಮೇಲೆ. ನಮ್ಮ ತೋಟಕ್ಕೆ ಕಳೆ ಹೊಡೆಯಲು ಬರುವ ಹುಡುಗನನ್ನು ಕರೆದು ತೋರಿಸಿದೆ. ಅವನು ಕೂತು, ತುದಿ ಬೆರಳಲ್ಲಿ ಹಿಡಿದು ನೋಡಿದ. ‘ಅಕ್ಕಾ, ನನ್ನ ಮಿಷಿನ್ ತಾಗಿದ್ರೆ ನಾರೆಲ್ಲ ಸಿಗಿದು ಹೋಗ್ತದೆ. ಇದು ಹಂಗಿಲ್ಲ’ ಅಂದ. ಅವನ ಮಾತು ಸರಿ ಇತ್ತು. ಆಮೇಲೆ ಇಲಿ ಅಂದುಕೊಂಡೆವು. ಇಲಿ ಕಡಿದರೆ ಓರೆಯಾಗಿ ಕಡಿಯುತ್ತದೆ, ಜೋಡಿ ಹಲ್ಲಿನ ಗುರುತು ಉಳಿಯುತ್ತದೆ. ಅದೂ ಇಲ್ಲ. ಬಸವನಹುಳ ಆಗಿದ್ದರೆ ಲೋಳೆಯ ಜಾಡು ಇರಬೇಕಿತ್ತು. ಬೇರು ಅಗೆಯುವವರು ಅಂತ ಯೋಚಿಸಿದರೆ, ಅವರು ಬೇರು ಬಿಟ್ಟು ಕಾಂಡ ಯಾಕೆ ಕೊಯ್ಯುತ್ತಾರೆ? ಬೇರು ಮಣ್ಣಿನೊಳಗೆ ಹಾಗೇ ಇತ್ತು. ಮಳೆಗೆ ಮತ್ತೆ ಚಿಗುರಿತು ಕೂಡ.

ಬೇರಿನ ಮಾತು ಬಂತಲ್ಲ, ಇದನ್ನು ಹೇಳಿ ಮುಂದೆ ಹೋಗುತ್ತೇನೆ. ಹಾವಿನ ವಿಷಕ್ಕೆ ಮದ್ದು ಅಂತ ನಮ್ಮ ಕಡೆ ಇದರ ಬೇರಿಗೆ ಈಗಲೂ ಕೇಳುವವರಿದ್ದಾರೆ. ದಯವಿಟ್ಟು ಕೊಡಬೇಡಿ. ಇದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡ ಹಾಳು ಮಾಡುತ್ತದೆ. ಕ್ಯಾನ್ಸರ್ ತರುತ್ತದೆ ಅನ್ನುವುದು ಖಚಿತವಾಗಿದೆ. ಹುಳಗಳಿಗೆ ಅದೇ ವಿಷ ರಕ್ಷೆ. ತಿಂದು ಮೈಯಲ್ಲಿ ಉಳಿಸಿಕೊಳ್ಳುತ್ತವೆ, ಚಿಟ್ಟೆಯಾದ ಮೇಲೂ ಅದು ಇರುತ್ತದೆ, ಹಕ್ಕಿಗಳು ಹತ್ತಿರ ಬರುವುದು ಕಮ್ಮಿ. ನಮಗೆ ಅದು ಬರೀ ವಿಷ. ಹಾವು ಕಚ್ಚಿದರೆ ಸೀದಾ ಆಸ್ಪತ್ರೆಗೆ ಹೋಗಬೇಕು. ನಾನು ಬಳ್ಳಿ ಕತ್ತರಿಸುವಾಗ ಕೈಗವಸು ಹಾಕಿಕೊಳ್ಳುತ್ತೇನೆ, ನೀವೂ ಹಾಕಿಕೊಳ್ಳಿ.

ಉತ್ತರದ ಸುಳಿವು ಸಿಕ್ಕಿದ್ದು ಈ ವರ್ಷ ಸೆಪ್ಟೆಂಬರ್‌ನಲ್ಲಿ, ಹಿಕ್ಕೆಯಿಂದ. ಮಳೆ ಬಿಡುವು ಕೊಟ್ಟಿತ್ತು. ಹೊಸದಾಗಿ ತುಂಡಾದ ಕಾಂಡದ ಕೆಳಗೆ, ಕೆಸುವಿನ ಎಲೆಯ ಮೇಲೆ, ದಪ್ಪ ದಪ್ಪ ಹಿಕ್ಕೆ ಬಿದ್ದಿತ್ತು. ಉದ್ದಕ್ಕೆ ಗೀರುಗಳಿದ್ದ ಮೋಟು ಹಿಕ್ಕೆ. ಇಲಿಯದ್ದಲ್ಲ. ಇಂಥದ್ದನ್ನು ನಿಂಬೆ ಗಿಡದ ಕೆಳಗೆ ನಾವೆಲ್ಲ ನೋಡಿದ್ದೇವೆ, ಆದರೆ ಇದು ಅದಕ್ಕಿಂತ ದೊಡ್ಡದು. ತುಂಡಾದ ಜಾಗವನ್ನು ಲೆನ್ಸ್ ಇಟ್ಟು ನೋಡಿದೆ. ಸುತ್ತಲೂ ಒಂದೇ ಸಮ ಕೊರೆದ ಉಂಗುರ. ಹೊರಗಿನ ಸಿಪ್ಪೆ ಪೂರ್ತಿ ಹೋಗಿದೆ, ಒಳಗಿನ ಗಟ್ಟಿ ಭಾಗ ಸಣ್ಣ ಕಡ್ಡಿಯಾಗಿ ಉಳಿದು, ಮೇಲಿನ ಭಾರಕ್ಕೆ ಮುರಿದಿದೆ.

ಅವತ್ತು ರಾತ್ರಿ ಹೆಡ್‌ಲ್ಯಾಂಪ್ ಹಾಕಿಕೊಂಡು, ಉಂಬಳ (ಜಿಗಣೆ) ಹತ್ತದ ಹಾಗೆ ಸುಣ್ಣ ಹೊಗೆಸೊಪ್ಪು ಹಚ್ಚಿಕೊಂಡು ಹೋದೆ. ಎರಡನೇ ಮರದಲ್ಲೇ ಸಿಕ್ಕಿತು. ಪೂರ್ತಿ ಬಲಿತ ಬರ್ಡ್‌ವಿಂಗ್ ಹುಳ, ನನ್ನ ತೋರುಬೆರಳಿಗಿಂತ ದಪ್ಪ. ತಲೆ ಕೆಳಗೆ ಮಾಡಿ ಕಾಂಡಕ್ಕೆ ಹಿಂಗಾಲುಗಳಿಂದ ಭದ್ರವಾಗಿ ಕಚ್ಚಿಕೊಂಡಿದೆ. ಎಲೆ ಕಡೆ ತಿರುಗಿಯೂ ನೋಡುತ್ತಿಲ್ಲ. ಕಾಂಡದ ಸಿಪ್ಪೆಯನ್ನು ಅಗಿಯುತ್ತಿದೆ. ಸ್ವಲ್ಪ ಅಗಿದು, ಮೈ ಸ್ವಲ್ಪ ಪಕ್ಕಕ್ಕೆ ಸರಿಸಿ, ಮತ್ತೆ ಅಗಿಯುತ್ತದೆ. ಹೀಗೇ ಸುತ್ತು ಹಾಕುತ್ತದೆ. ಕಿವಿ ಹತ್ತಿರ ಇಟ್ಟರೆ ಸದ್ದು ಕೇಳುತ್ತಿತ್ತು. ಬೆಳಕು ಜಾಸ್ತಿ ಹತ್ತಿರ ತಂದದ್ದಕ್ಕೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲು ಕೊಂಬು ಚಾಚಿತು, ಘಾಟು ವಾಸನೆ ಬಂತು. ನಾನು ದೂರ ಸರಿದೆ, ಅದು ಕೊಂಬು ಒಳಗೆಳೆದುಕೊಂಡು ಕೆಲಸ ಮುಂದುವರಿಸಿತು.

ಅಂದರೆ ಬಳ್ಳಿ ಕಡಿಯುತ್ತಿದ್ದದ್ದು ಯಾರಿಗಾಗಿ ಬಳ್ಳಿ ನೆಟ್ಟೆನೋ ಅವರೇ!

ಬರ್ಡ್‌ವಿಂಗ್ ಗುಂಪಿನ ಹುಳಗಳು ಬಲಿತ ಮೇಲೆ ಕಾಂಡಕ್ಕೆ ಉಂಗುರ ಹಾಕುವುದು ಬೇರೆ ದೇಶಗಳಲ್ಲೂ ಸಾಕುವವರಿಗೆ ಪರಿಚಿತ ವಿಷಯ. ಈ ಹುಳದ ಹಸಿವನ್ನೂ ಯೋಚಿಸಿ. 1932ರಲ್ಲಿ ಅಳೆದ ಒಂದು ಸದರ್ನ್ ಬರ್ಡ್‌ವಿಂಗ್ 190 ಮಿಲಿಮೀಟರ್ ಅಗಲ ಇತ್ತು. 2020ರಲ್ಲಿ ಹಿಮಾಲಯದ ಗೋಲ್ಡನ್ ಬರ್ಡ್‌ವಿಂಗ್ ಒಂದು 194 ಮಿಲಿಮೀಟರ್ ಅಂತ ಗೊತ್ತಾಗುವವರೆಗೂ ದೇಶದ ಅತಿ ದೊಡ್ಡ ಚಿಟ್ಟೆ ಇದೇ ಆಗಿತ್ತು. ಅಷ್ಟು ದೊಡ್ಡ ರೆಕ್ಕೆಗೆ ಬೇಕಾದ್ದನ್ನೆಲ್ಲ ಹುಳವಾಗಿರುವಾಗಲೇ ತಿಂದಿಟ್ಟುಕೊಳ್ಳಬೇಕು. ಎಲೆ, ಎಳೆ ಕಾಯಿ, ಸಿಪ್ಪೆ ಯಾವುದನ್ನೂ ಬಿಡುವುದಿಲ್ಲ. ದೊಡ್ಡ ಕಾಡಿನಲ್ಲಿ ಇದು ತೊಂದರೆಯಲ್ಲ, ಅಲ್ಲಿ ಪಕ್ಕದಲ್ಲೇ ಇನ್ನೊಂದು ಬಳ್ಳಿ ಇರುತ್ತದೆ. ಒಂದು ಮರಕ್ಕೆ ಒಂದೇ ಬಳ್ಳಿ ಇರುವ ತೋಟದಲ್ಲಿ ಒಂದು ದೊಡ್ಡ ಹುಳ ಹತ್ತು ಸಣ್ಣ ಹುಳಗಳ ಊಟ ಕೆಡಿಸುತ್ತದೆ.

ಕಾರಣ ಗೊತ್ತಾದ ಮೇಲೆ ಪರಿಹಾರದ ಸರದಿ. ಮೊದಲು ಬುಡಕ್ಕೆ ಪಿವಿಸಿ ಪೈಪ್ ಸೀಳಿ ತೊಡಿಸಿದೆ. ಹುಳ ಪೈಪಿನ ಮೇಲೆ, ಒಂದು ಗೇಣು ಎತ್ತರದಲ್ಲಿ ಉಂಗುರ ಹಾಕಿತು. ಎಷ್ಟು ಎತ್ತರಕ್ಕೆ ಪೈಪ್ ಹಾಕಲು ಸಾಧ್ಯ? ಅದನ್ನು ಬಿಟ್ಟೆ. ಬಲಿತ ಹುಳಗಳನ್ನು ಬೇರೆ ಬಳ್ಳಿಗೆ ಸಾಗಿಸುವುದು ನನಗೆ ಇಷ್ಟವಿಲ್ಲ, ಮುಟ್ಟುವುದಿಲ್ಲ ಅಂದರೆ ಮುಟ್ಟುವುದಿಲ್ಲ.

ಉಳಿದದ್ದು ಒಂದೇ ದಾರಿ. ಒಂದು ಮರಕ್ಕೆ ಒಂದು ಬೇರು ಸಾಲದು, ಹಲವು ಬೇರು ಬೇಕು. ಅಷ್ಟು ಸಸಿ ಎಲ್ಲಿಂದ ತರುವುದು? ಬೀಜದಿಂದ ಆಗುವುದು ನಿಧಾನ, ನರ್ಸರಿಯ ಕತೆ ಮೇಲೆ ಹೇಳಿದೆ. ಆಗ ನೆನಪಾದದ್ದು ಮೆಣಸು. ಮೆಣಸಿನ ಸಸಿ ಮಾಡುವಾಗ ಹಬ್ಬು ಬಳ್ಳಿಯನ್ನು ನೆಲದ ಮೇಲೆ ಮಲಗಿಸಿ, ಪ್ರತಿ ಗೆಣ್ಣಿನ ಕೆಳಗೆ ಒಂದೊಂದು ಮಣ್ಣಿನ ಚೀಲ ಇಟ್ಟು, ಗೆಣ್ಣನ್ನು ಮಣ್ಣಿಗೆ ಒತ್ತಿ ಕಡ್ಡಿ ಚುಚ್ಚುತ್ತೇವಲ್ಲ, ಅದೇ ಸರ್ಪೆಂಟೈನ್ ವಿಧಾನ. ಈಶ್ವರಿ ಬಳ್ಳಿಗೂ ಅದನ್ನೇ ಮಾಡಿದೆ. ತಾಯಿ ಬಳ್ಳಿಯಿಂದ ಬೇರ್ಪಡಿಸದೆ, ಗೆಣ್ಣಿನ ಕೆಳಭಾಗದ ಸಿಪ್ಪೆ ಸ್ವಲ್ಪ ಕೆರೆದು, ಚೀಲದ ಮಣ್ಣಿಗೆ ಒತ್ತಿದೆ.

ಮೆಣಸಿನಷ್ಟು ಸಲೀಸಾಗಿ ಇದು ಬೇರು ಬಿಡುವುದಿಲ್ಲ. ಜೋರು ಮಳೆಯಲ್ಲಿ ಇಟ್ಟದ್ದು ಪೂರ್ತಿ ಕೊಳೆಯಿತು. ಎಳೆ ತುದಿ ಕಡೆಯ ಗೆಣ್ಣುಗಳೂ ಕೊಳೆತವು. ಪೆನ್ಸಿಲ್ ದಪ್ಪದ, ಬಣ್ಣ ಕಂದಾಗಿ ತಿರುಗಿದ ಭಾಗದ ಗೆಣ್ಣುಗಳು ಹಿಡಿದವು. ಮಣ್ಣಿಗೆ ಮರಳು ಜಾಸ್ತಿ ಇರಬೇಕು, ನೀರು ನಿಲ್ಲಬಾರದು, ಮೇಲೆ ನೆರಳು ಇರಬೇಕು. ಈಗ ಅಕ್ಟೋಬರ್‌ನಲ್ಲಿ ಚೀಲದ ತಳದ ತೂತಿನಿಂದ ಬಿಳಿ ಬೇರು ಇಣುಕಿದ್ದನ್ನು ನೋಡಿದಾಗ ಆದ ಸಂತೋಷ ನಿಮಗೆ ಅರ್ಥವಾಗುತ್ತದೆ, ಅಲ್ವಾ?

ಚೀಲ ಅಂದ ಕೂಡಲೇ ಇನ್ನೊಂದು ಸಿಟ್ಟು. ಪೇಟೆಯಲ್ಲಿ ಕೊಂಡ ಪಾಲಿಥಿನ್ ಚೀಲಗಳಿಗೆ ತೂತೇ ಇರಲಿಲ್ಲ. ಕಟ್ಟಿನ ಮೇಲೆ ‘ತೂತು ಹಾಕಿದ್ದು’ ಅಂತ ಬರೆದಿದೆ. ಅಂಗಡಿಯವರು ಕಂಪನಿಯನ್ನು ಕೇಳಿ ಅಂದರು. ಒಂದೊಂದಕ್ಕೂ ಪಂಚಿಂಗ್ ಮೆಷಿನ್‌ನಲ್ಲಿ ತೂತು ಹಾಕುತ್ತಾ ಒಂದು ಸಂಜೆ ಪೂರ್ತಿ ಹೋಯಿತು.

ಆ ತೂತು ಹಾಕುವ ಸಂಜೆ ಹೊಳೆದದ್ದೇ ಮುಂದಿನ ಯೋಜನೆ: ಮರದ ಕೊಂಬೆಗೆ ಹತ್ತಿ ಅದರ ರಸ ಹೀರಿ ಬೆಳೆಯುವ ಬಂದಳಿಕೆ. ಹೌದು, ತೋಟದವರೆಲ್ಲ ಕತ್ತಿ ಹಿಡಿದು ಕಡಿಯುವ ಅದೇ ಬಂದಳಿಕೆ. ಕಾಮನ್ ಜೆಜೆಬೆಲ್ ಚಿಟ್ಟೆಯ ಹುಳಗಳ ಊಟ ಅದು. ಚಿಟ್ಟೆ ಮೊಟ್ಟೆಗಳನ್ನು ಗುಂಪಾಗಿ ಇಡುತ್ತದೆ, ಹುಳಗಳೂ ಗುಂಪಾಗಿಯೇ ಮೇಯುತ್ತವೆ. ಹಳದಿ ಮತ್ತು ಕೆಂಪು ಅಂಚಿನ ಆ ಚಿಟ್ಟೆ ನಮ್ಮ ಮನೆ ಮುಂದಿನ ಹಳೇ ಮಾವಿನ ಮರದ ಸುತ್ತ ಸುಳಿಯುತ್ತಲೇ ಇರುತ್ತದೆ. ಬಂದಳಿಕೆಯ ಅಂಟು ಬೀಜವನ್ನು ಫ್ಲವರ್‌ಪೆಕರ್ ಹಕ್ಕಿ ಕೊಂಬೆಗೆ ಒರೆಸಿ ಹೋಗುತ್ತದೆ. ಅದೇ ಕೆಲಸವನ್ನು ಕೈಯಿಂದ ಮಾಡಬಹುದಾ ಅಂತ ನೋಡಬೇಕು. ಫಲ ಕೊಡದ ಆ ಒಂದು ಮಾವಿನ ಮರ ಮಾತ್ರ, ಅಲ್ಲಿಂದಾಚೆ ಹೋಗಲು ಬಿಡುವುದಿಲ್ಲ ಅಂತ ಮನೆಯಲ್ಲಿ ಮಾತು ಕೊಟ್ಟಿದ್ದೇನೆ. ಅತ್ತೆಯವರು ಇನ್ನೂ ಒಪ್ಪಿಲ್ಲ. ‘ಮರಕ್ಕೆ ಹಿಡಿದ ಪೀಡೆಯನ್ನ ಯಾರಾದ್ರೂ ನೆಡ್ತಾರೇನೇ?’ ಅನ್ನುತ್ತಾರೆ.

ಈಶ್ವರಿ ಬಳ್ಳಿಗೆ ವಾಪಸ್. ಬೇರು ಹಿಡಿದ ಮೊದಲ ಸಸಿಗಳನ್ನು ಹಳ್ಳದ ಬದಿಯ ದೊಡ್ಡ ಹಾಲವಾಣದ ಸುತ್ತ ಇಳಿಸಿದ್ದೇನೆ. ಒಂದರ ಕಾಂಡ ಇನ್ನೊಂದಕ್ಕೆ ಸುತ್ತಿಕೊಳ್ಳದ ಹಾಗೆ ಬೇರೆ ಬೇರೆ ಹಗ್ಗಕ್ಕೆ ಕಟ್ಟಿದ್ದೇನೆ. ಯಾಕೆಂದರೆ ಹೆಣೆದುಕೊಂಡ ಕಾಂಡಗಳಿಗೆ ಹುಳ ಒಟ್ಟಿಗೇ ಉಂಗುರ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಮೇಲೆ ಮಾತ್ರ ಎಲೆಗಳು ಸೇರಿಕೊಂಡಿರಲಿ, ಹುಳ ಒಂದರಿಂದ ಇನ್ನೊಂದಕ್ಕೆ ದಾಟಲು ಅನುಕೂಲ.

ಇದಕ್ಕೂ ಮೊದಲೇ ಆ ಮರದಲ್ಲಿ ಬೀಜದಿಂದ ಬಂದ ಮೂರು ಬಳ್ಳಿ ಅಕ್ಕಪಕ್ಕ ಇದ್ದವು. ಈ ತಿಂಗಳ ಮೊದಲಲ್ಲಿ ಒಂದನ್ನು ಹುಳ ಕಡಿಯಿತು. ಮೇಲಿದ್ದ ಸಣ್ಣ ಹುಳಗಳು ಬಾಡಿದ ಎಲೆ ಬಿಟ್ಟು ಪಕ್ಕದ ಬಳ್ಳಿಗೆ ದಾಟಿದವು. ಒಂದೂ ಸಾಯಲಿಲ್ಲ. ಕಡಿದ ದೊಡ್ಡ ಹುಳ ಪಕ್ಕದ ರೋಬಸ್ಟಾ ಕಾಫಿ ಗಿಡದ ರೆಂಬೆಗೆ ಹೋಗಿ, ಸೊಂಟಕ್ಕೆ ರೇಷ್ಮೆ ಎಳೆ ಬಿಗಿದುಕೊಂಡು ಕೋಶವಾಗಿದೆ. ಒಣಗಿದ ಎಲೆಯ ಬಣ್ಣ, ಗೊತ್ತಿಲ್ಲದವರಿಗೆ ಕಾಣುವುದೇ ಇಲ್ಲ. ಆ ಗಿಡಕ್ಕೆ ಕೆಂಪು ಬಟ್ಟೆ ಕಟ್ಟಿ, ಕೆಲಸದವರಿಗೆಲ್ಲ ತೋರಿಸಿದ್ದೇನೆ. ಪಕ್ಕದ ತೋಟದವರೂ ಹಳ್ಳದ ಬದಿಯ ಎರಡು ಸಾಲು ಬಿಟ್ಟು ಔಷಧಿ ಹೊಡೆಯುತ್ತೇವೆ ಅಂತ ಒಪ್ಪಿದ್ದಾರೆ.

ಇನ್ನು ಉಳಿದ ಕೆಲಸ ಇಷ್ಟು. ಬೇಸಿಗೆಯಲ್ಲಿ ಬಳ್ಳಿ ಒಣಗಿ ಬೇರು ಮಾತ್ರ ಉಳಿಯುವ ಜಾಗಗಳಿಗೆ ತರಗೆಲೆ ಮುಚ್ಚಬೇಕು. ಹಳ್ಳದ ನೆರಳಿನಲ್ಲಿ ಥೋಟಿಯಾ ಸಿಲಿಕ್ವೋಸಾ ಗಿಡ ಬೆಳೆಸಿ ನೋಡಬೇಕು. ಬರ್ಡ್‌ವಿಂಗ್ ಹುಳ ಅದನ್ನೂ ತಿನ್ನುತ್ತದೆ. ಮುಂದಿನ ವರ್ಷ ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು) ಮಾಡುವಾಗ ಆ ಹಾಲವಾಣಗಳ ಕೊಂಬೆ ಕಡಿಯದಂತೆ ಈಗಲೇ ಹೇಳಿಡಬೇಕು. ಬಳ್ಳಿಯಲ್ಲಿ ಕಾಯಿ ಬಲಿಯುತ್ತಿದೆ. ಒಣಗಿದ ಮೇಲೆ ತೊಟ್ಟಿನ ಕಡೆಯಿಂದ ಸೀಳಿ, ತಲೆಕೆಳಗಾದ ಕೊಡೆಯ ಹಾಗೆ ಬಿಚ್ಚಿಕೊಳ್ಳುತ್ತದೆ, ಚಪ್ಪಟೆ ಬೀಜ ಗಾಳಿಗೆ ಹಾರಿಹೋಗುತ್ತದೆ. ಹಾಗಾಗಿ ಬಿಚ್ಚುವ ಮೊದಲೇ ಬಟ್ಟೆ ಚೀಲ ಕಟ್ಟಬೇಕು. ಹಾಸನ, ಸಕಲೇಶಪುರ ಕಡೆ ಯಾರಾದರೂ ಹಾಲವಾಣ ಇರುವ ಜಾಗದಲ್ಲಿ ನೆಡುವುದಾದರೆ ಬೀಜ ಕೊಡುತ್ತೇನೆ. ಒಂದು ಮರಕ್ಕೆ ಮೂರಾದರೂ ಬುಡ ಇರಲಿ.