ನಕ್ಕವರೇ ವೋಟು ಹಾಕಿದರು

ಕ್ರಿ.ಪೂ. 424ರ ಅಥೆನ್ಸ್. ನಾಟಕ ಸ್ಪರ್ಧೆಯಲ್ಲಿ ಹಾಸ್ಯನಾಟಕಕಾರ ಅರಿಸ್ಟೋಫನೀಸನಿಗೆ ಮೊದಲ ಬಹುಮಾನ. ನಾಟಕದ ತುಂಬ ಉಗಿಸಿಕೊಂಡವನು ಜನನಾಯಕ ಕ್ಲಿಯಾನ್. ನಾಟಕದಲ್ಲಿ ಅವನು ಯಜಮಾನನ ಮೂಗಿಗೆ ತುಪ್ಪ ಸವರುವ ಆಳು; ಯಜಮಾನನೋ ಸಾಕ್ಷಾತ್ ಮತದಾರ ಮಹಾಶಯ, ಅರೆಕಿವುಡ ಮುದುಕ. ಇದಾಗಿ ಕೆಲವೇ ವಾರಗಳಲ್ಲಿ ಅಥೆನ್ಸಿನವರು ಅದೇ ಕ್ಲಿಯಾನನನ್ನು ಸೇನಾಪತಿಯಾಗಿ ಆರಿಸಿದರು.

‘ಜನ ಮೂರ್ಖರು’ ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಹಿಂದಿನ ವರ್ಷ ಸ್ಪಾರ್ಟಾ ವಿರುದ್ಧದ ಯುದ್ಧದಲ್ಲಿ, ಪೈಲಾಸ್ ಎಂಬಲ್ಲಿ 292 ಶತ್ರುಯೋಧರನ್ನು ಸೆರೆಹಿಡಿದ ಹೆಸರು ಅವನಿಗಿತ್ತು. ನ್ಯಾಯಸಭೆಯಲ್ಲಿ ಕೂರುವವರ ದಿನಭತ್ಯೆಯನ್ನು 2 ಒಬೊಲ್‌ನಿಂದ (ಒಬೊಲ್ ಎಂದರೆ ಅಲ್ಲಿನ ಚಿಲ್ಲರೆ ನಾಣ್ಯ) 3ಕ್ಕೆ ಏರಿಸಿದವನೂ ಅವನೇ. ಮೈಯಲ್ಲಿ ಕಸುವಿಲ್ಲದ ಮುದುಕನಿಗೆ ಆ ಒಂದು ಒಬೊಲ್ ತಮಾಷೆಯ ಮಾತಲ್ಲ. ಕೊಟ್ಟದ್ದನ್ನು ಈಸಿಕೊಂಡವನನ್ನೇ ಗೇಲಿ ಮಾಡಿದರೆ ಅವನು ಕೊಟ್ಟವನ ಮಗ್ಗುಲಿಗೇ ಸರಿಯುತ್ತಾನೆ. ವಿಡಂಬನೆಕಾರರು ಇವತ್ತಿಗೂ ಎಡವುವುದು ಇಲ್ಲೇ.

ಅರಿಸ್ಟೋಫನೀಸ್ 422ರಲ್ಲಿ ವರಸೆ ಬದಲಿಸಿದ. ಈ ಸಲ ರಂಗದ ಮೇಲೆ ಮಗ ಅಪ್ಪನನ್ನು ಕೂರಿಸಿಕೊಂಡು ಬಜೆಟ್ ಬಿಡಿಸುತ್ತಾನೆ. ಊರಿನ ವರಮಾನ ವರ್ಷಕ್ಕೆ ಹತ್ತಿರಹತ್ತಿರ 2000 ಟ್ಯಾಲೆಂಟ್ (ಒಂದು ಟ್ಯಾಲೆಂಟ್ ಎಂದರೆ 36,000 ಒಬೊಲ್). ಭತ್ಯೆ ಪಡೆಯುವವರು 6000. ದಿನಕ್ಕೆ 3 ಒಬೊಲ್, ವರ್ಷಕ್ಕೆ 300 ದಿನ ಹಿಡಿದರೂ ಖರ್ಚು 150 ಟ್ಯಾಲೆಂಟ್. ಹತ್ತರಲ್ಲೊಂದು ಪಾಲೂ ಆಗಲಿಲ್ಲ. ಉಳಿದದ್ದು ಯಾರ ಜೇಬಿಗೆ? ಜನಪ್ರಿಯ ಘೋಷಣೆಯನ್ನು ಹಾಸ್ಯಕ್ಕೆ ತರುವವರು ಕದಿಯಬೇಕಾದ ತಂತ್ರ ಇದು: ಎಷ್ಟು ಮಂದಿಗೆ, ಎಷ್ಟು ದಿನ, ಯಾವ ಬಾಬ್ತಿನಿಂದ ಎಂದು ಗುಣಿಸಿ ತೋರಿಸುವುದು.

ಮತದಾರನ ಬುದ್ಧಿಯ ಬಗ್ಗೆ ಫ್ರೆಂಚ್ ಗಣಿತಜ್ಞ ಕಾಂಡೋರ್ಸೆ 1785ರಲ್ಲೇ ಗಣಿತ ಕೊಟ್ಟಿದ್ದಾನೆ. ಆಯ್ಕೆ ಎರಡೇ ಇದ್ದು, ಒಬ್ಬೊಬ್ಬರೂ ಸರಿ ಹೇಳುವ ಸಾಧ್ಯತೆ 60% ಅನ್ನಿ. ಮೂವರ ಬಹುಮತ ಸರಿಯಾಗುವ ಸಾಧ್ಯತೆ 64.8%, 101 ಮಂದಿಯದು ಸುಮಾರು 98%. ಒಬ್ಬೊಬ್ಬರದು 40% ಆದರೆ ಇದೇ ಗಣಿತ ತಿರುಗಿಬಿದ್ದು ಸುಮಾರು 2%ಕ್ಕೆ ಇಳಿಯುತ್ತದೆ. ಇನ್ನೊಂದು ಷರತ್ತೂ ಇದೆ, ಅದನ್ನು ಮರೆಯುವವರೇ ಹೆಚ್ಚು: ಪ್ರತಿಯೊಬ್ಬರೂ ಬೇರೆಬೇರೆಯಾಗಿ ಯೋಚಿಸಿರಬೇಕು. 101 ಮಂದಿಯೂ ಒಂದೇ ಬಾಯಿಯ ಮಾತು ಕೇಳಿ ಕೈಯೆತ್ತಿದರೆ ಅಲ್ಲಿರುವುದು ಒಂದೇ ತಲೆ. ಮತ್ತೆ ಅದೇ 60%. ಅಬ್ಬರದ ನಾಯಕ ಕೆಡಿಸುವುದು ಇದನ್ನೇ.

ಹಾಗೆ ಕೆಟ್ಟಾಗ ಉಳಿಸುವುದು ಸಮಯ. ಕ್ರಿ.ಪೂ. 427ರಲ್ಲಿ ಕ್ಲಿಯಾನನ ಮಾತಿಗೆ, ಅಥೆನ್ಸಿನ ವಿರುದ್ಧ ದಂಗೆಯೆದ್ದಿದ್ದ ಮೈಟಿಲೀನಿ ನಗರದ ಗಂಡಸರನ್ನೆಲ್ಲ ಕೊಲ್ಲಲು ಸಭೆ ಒಪ್ಪಿತು; ಆಜ್ಞೆ ಹೊತ್ತ ಹಡಗೂ ಹೊರಟಿತು. ಮರುದಿನ ಮತ್ತೆ ಸೇರಿ, ಕೂದಲೆಳೆಯ ಬಹುಮತದಲ್ಲಿ ಹಿಂತೆಗೆದುಕೊಂಡಿತು. ಆ ಸುದ್ದಿ ಹೊತ್ತ ಎರಡನೇ ಹಡಗು ಅಂತೂ ಹೊತ್ತಿಗೆ ಮುಟ್ಟಿತು. ಕ್ರಿ.ಪೂ. 406ರಲ್ಲಿ ಹಾಗಾಗಲಿಲ್ಲ: ನೌಕಾಯುದ್ಧ ಗೆದ್ದರೂ ಮುಳುಗುತ್ತಿದ್ದ ತಮ್ಮವರನ್ನು ಉಳಿಸಲಿಲ್ಲವೆಂದು ಎಂಟು ಸೇನಾಪತಿಗಳ ವಿಚಾರಣೆಯನ್ನು ಒಟ್ಟಿಗೆ ಒಂದೇ ಮತಕ್ಕೆ ಹಾಕಿದರು. ಕಾನೂನಿನ ಅಡ್ಡಿ ಎತ್ತಿದವರಿಗೆ, ಜನ ಬಯಸಿದ್ದನ್ನು ತಡೆಯಲು ನೀವ್ಯಾರು ಎಂಬ ಕೂಗಾಟವೇ ಉತ್ತರ. ಊರಲ್ಲಿದ್ದ ಆರು ಮಂದಿಯನ್ನು ಕೊಂದರು. ಆಮೇಲೆ ಪಶ್ಚಾತ್ತಾಪಪಟ್ಟು, ಹುರಿದುಂಬಿಸಿದವರ ಮೇಲೇ ಮೊಕದ್ದಮೆ ಹೂಡಿದರು.