ಬೆಳಿಗ್ಗೆ ಕಳ್ಳಿ, ಮಧ್ಯಾಹ್ನ ಪೈನ್

ನೆಗ್ಗಿಲ ಮುಳ್ಳನ್ನು ಬಯಲುಸೀಮೆಯವರಿಗೆ ಪರಿಚಯ ಮಾಡಿಕೊಡಬೇಕಿಲ್ಲ. ಹೊಲದ ದಾರಿಯಲ್ಲಿ ಬರಿಗಾಲಲ್ಲಿ ಓಡಾಡಿದ ಅಂಗಾಲಿಗೆ ಅದರ ನೆನಪು ಸುಲಭಕ್ಕೆ ಹೋಗುವುದಿಲ್ಲ. ಅರಿಜೋನಾದ ಫೀನಿಕ್ಸ್ ನಗರದ ಸೌತ್ ಮೌಂಟನ್ ಪಾರ್ಕಿನಲ್ಲಿ, ಪೀಮಾ ಕ್ಯಾನ್ಯನ್ ಕಡೆ ಕಾರು ನಿಲ್ಲಿಸುವ ಜಾಗದ ಅಂಚಿನಲ್ಲಿ ಅದೇ ಗಿಡ ನೆಲಕ್ಕೆ ಅಂಟಿಕೊಂಡು ಹರಡಿತ್ತು. ಅದೇ ಪುಟ್ಟ ಹಳದಿ ಹೂವು, ಅದೇ ಕಾಯಿ. ಹಳೆಯ ಜಗತ್ತಿನಿಂದ ಹೋಗಿ ಅಲ್ಲಿ ಬೇರೂರಿದ ಕಳೆ ಇದು. ಕಾಯಿ ಒಣಗಿದ ಮೇಲೆ ಐದು ಹೋಳಾಗುತ್ತದೆ, ಹೋಳಿಗೆ ಎರಡು ಕೊಂಬು. ಹೇಗೆ ಬಿದ್ದರೂ ಒಂದು ಕೊಂಬು ಮೇಲೆ ನೋಡುತ್ತಿರುತ್ತದೆ. ಅಲ್ಲಿನವರು ಗೋಟ್‌ಹೆಡ್ ಅನ್ನುತ್ತಾರೆ, ಆಡಿನ ತಲೆ. ಹೆಸರು ಸರಿಯಾಗಿಯೇ ಇದೆ.

ಅಕ್ಟೋಬರ್ ಮೊದಲ ವಾರ, ಬೆಳಿಗ್ಗೆ 6 ಗಂಟೆ, ಮೂರು ಸೈಕಲ್. ಬೆಳಿಗ್ಗೆ ಮರುಭೂಮಿಯ ಟ್ರೈಲು (ಗುಡ್ಡಗಾಡಿನ ಕಿರುದಾರಿ), ಮಧ್ಯಾಹ್ನ 230 ಕಿ.ಮೀ. ಉತ್ತರದ ಫ್ಲಾಗ್‌ಸ್ಟಾಫ್‌ನ ಪೈನ್ ಕಾಡು ಎಂಬುದು ಅಂದಿನ ಲೆಕ್ಕ. ಮಳೆಗಾಲ ಮುಗಿದು ನೆಗ್ಗಿಲು ಬಲಿತು ಒಣಗುವ ಹೊತ್ತೂ ಇದೇ. ಸೈಕಲ್ ಇಳಿಸಿ ಟ್ರೈಲಿನ ಬಾಯಿಗೆ ತಳ್ಳಿಕೊಂಡು ಹೋಗುವಷ್ಟರಲ್ಲಿ ಒಂದೇ ಸೈಕಲ್ಲಿನ ಮುಂದಿನ ಟೈರಿಗೆ ಮೂರು, ಹಿಂದಿನದಕ್ಕೆ ಎಂಟು ಕಚ್ಚಿಕೊಂಡಿದ್ದವು. ಮರುಭೂಮಿಯ ಒಳಗೆ ಈ ಗಿಡ ಕಡಿಮೆ. ಕೆದಕಿದ ಮಣ್ಣು, ರಸ್ತೆಯಂಚು, ಪಾರ್ಕಿಂಗ್ ಇದರ ಠಿಕಾಣಿ. ಹಾಗಾಗಿ ಇಲ್ಲಿ ಸೈಕಲ್ಲನ್ನು ತಳ್ಳಬಾರದು, ಟ್ರೈಲಿನ ಗಟ್ಟಿನೆಲ ಸಿಗುವವರೆಗೆ ಹೆಗಲ ಮೇಲೆ ಹೊರಬೇಕು. ಗೊತ್ತಿದ್ದೂ ಯಾರೂ ಹೊರುವುದಿಲ್ಲ.

ಮೂರೂ ಸೈಕಲ್ಲಿಗೆ ಟ್ಯೂಬ್‌ಲೆಸ್ ಟೈರು, 29 ಇಂಚು, ಅಗಲ 2.4. ಒಳಗೆ ಟ್ಯೂಬಿನ ಬದಲು ಟೈರಿಗೆ 100 ಮಿ.ಲೀ. ಸೀಲೆಂಟ್. ಸುಳ್ಯ, ಬೆಳ್ತಂಗಡಿ ಕಡೆಯ ತೋಟದವರಿಗೆ ಗೊತ್ತಿರುವ ರಬ್ಬರ್ ಹಾಲೇ ಇದರ ಜೀವಾಳ. ಮುಳ್ಳು ಚುಚ್ಚಿದ ತೂತಿನಿಂದ ಗಾಳಿ ನುಗ್ಗುವಾಗ ಹಾಲು ಜೊತೆಗೆ ಬಂದು ಅಲ್ಲೇ ಹೆಪ್ಪುಗಟ್ಟಿ ಬಾಯಿ ಮುಚ್ಚುತ್ತದೆ. ಆದರೆ ಫೀನಿಕ್ಸ್ ಬೇಸಿಗೆಯಲ್ಲಿ 40 ಡಿಗ್ರಿಯ ಗ್ಯಾರೇಜಿನಲ್ಲಿ ನಿಂತ ಸೈಕಲ್ಲಿನ ಹಾಲು ಎರಡು ತಿಂಗಳಲ್ಲೇ ಒಣಗಿ ಟೈರಿನೊಳಗೆ ರಬ್ಬರ್ ಉಂಡೆಯಾಗಿ ಕೂತಿರಬಹುದು. ಪರೀಕ್ಷೆ ಸುಲಭ: ಗಾಳಿ ಬಿಟ್ಟು, ವಾಲ್ವನ್ನು ಕೆಳಕ್ಕೆ ತಂದು, ಅದರ ತಿರುಳು ಬಿಚ್ಚಿ, ತೆಳ್ಳನೆಯ ಕೇಬಲ್ ಟೈ ಇಳಿಸಿ ನೋಡಬೇಕು. ತುದಿ ಒದ್ದೆಯಾಗಿ ಬಂದರೆ ಸರಿ. ಒಣಗಿ ಬಂದರೆ 60 ಮಿ.ಲೀ. ಸೇರಿಸಬೇಕು. ಸೈಕಲ್ ಅಲುಗಿಸಿದಾಗ ಕುಲುಕುವ ಸದ್ದು ಕೇಳಿತು ಎಂದು ಬಿಡುವವರೂ ಇದ್ದಾರೆ. ಆ ಸದ್ದು ಒಣಗಿದ ಉಂಡೆಯದೂ ಆಗಿರಬಹುದು.

ಚುಚ್ಚಿದ ನೆಗ್ಗಿಲನ್ನು ಒಂದೊಂದಾಗಿ ಕಿತ್ತು, ಆ ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ, ಅರ್ಧ ನಿಮಿಷ ಹಾಲಿಗೆ ಅವಕಾಶ ಕೊಟ್ಟು, ಆಮೇಲೆ ಮುಂದಿನದನ್ನು ಕೀಳುವುದು ಕ್ರಮ. ಬಿಸಿಲೇರುವ ಮೊದಲು ಹೊರಡುವ ಅವಸರದಲ್ಲಿ ಆ ದಿನ ಆದದ್ದು ಬೇರೆ. ಬೂಟಿನ ಅಂಚಿನಿಂದ ಉಜ್ಜಿ ಮುಳ್ಳಿನ ತಲೆಗಳನ್ನು ಹಾರಿಸಿದ್ದಾಯಿತು. ಕೊಂಬಿನ ತುದಿಗಳು ರಬ್ಬರಿನಲ್ಲೇ ಉಳಿದವು. ಗಾಳಿ ಇಳಿಯಲಿಲ್ಲ. ಗೇಜಿನಲ್ಲಿ ಹಿಂದೆ 24 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ, ಚದರ ಇಂಚಿಗೆ ಪೌಂಡು), ಮುಂದೆ 22.

ಡೆಸರ್ಟ್ ಕ್ಲಾಸಿಕ್ ಎಂಬ ಈ ಟ್ರೈಲು ಬೆಟ್ಟದ ದಕ್ಷಿಣ ಮಗ್ಗುಲಲ್ಲಿ ಸುಮಾರು 14 ಕಿ.ಮೀ. ಹೋಗುತ್ತದೆ. ದೊಡ್ಡ ಏರಿಲ್ಲ. ಒಣಹಳ್ಳಕ್ಕೆ ಇಳಿ, ಏಳು, ತಿರುಗು, ಮತ್ತೆ ಇಳಿ. ಕಾಲಿಗಿಂತ ಕೈಗೆ ಹೆಚ್ಚು ಕೆಲಸ. ನೆಲ ಅಡಿಯಲ್ಲಿ ಸಿಮೆಂಟಿನಂತೆ ಗಟ್ಟಿ, ಮೇಲೆ ಕಲ್ಲು ಶಿಥಿಲವಾಗಿ ಉದುರಿದ ನೊರಜು. ನಯವಾದ ನೆಲದ ಮೇಲೆ ರಾಗಿ ಚೆಲ್ಲಿದಂತೆ. ತಿರುವಿನ ಮಧ್ಯದಲ್ಲಿ ಮುಂದಿನ ಬ್ರೇಕ್ ಹಿಡಿದವರು ಅಲ್ಲೇ ಮಲಗುತ್ತಾರೆ. ಟೈರಿಗೆ ಇರುವ ಹಿಡಿತ ಇಷ್ಟೇ, ಅದನ್ನು ತಿರುಗಲು ಖರ್ಚು ಮಾಡಬೇಕು ಇಲ್ಲವೇ ನಿಲ್ಲಲು. ಎರಡಕ್ಕೂ ಸಾಲುವಷ್ಟು ಈ ನೆಲದಲ್ಲಿ ಇಲ್ಲ. ವೇಗವನ್ನೆಲ್ಲ ತಿರುವಿಗೆ ಮೊದಲೇ, ನೇರ ದಾರಿಯಲ್ಲೇ ಇಳಿಸಿ, ಬ್ರೇಕ್ ಬಿಟ್ಟು, ಹೊರಗಿನ ಪೆಡಲ್ ಕೆಳಗೆ ಒತ್ತಿ, ಮೈಯನ್ನು ನೆಟ್ಟಗಿಟ್ಟು ಸೈಕಲ್ಲನ್ನು ಮಾತ್ರ ವಾಲಿಸಬೇಕು. ಒಣಹಳ್ಳದ ಮರಳಿನಲ್ಲಿ ತದ್ವಿರುದ್ಧ: ಮೈಭಾರ ಹಿಂದಕ್ಕೆ, ಹ್ಯಾಂಡಲ್ ಸಡಿಲ, ಒಂದು ಗೇರು ಭಾರ ಹಾಕಿ ತುಳಿಯುತ್ತಲೇ ಇರಬೇಕು. ತುಳಿತ ನಿಂತರೆ ಚಕ್ರ ಹೂತಿತು.

ಬಿದ್ದರೆ ಎಲ್ಲಿಗೆ ಬೀಳುತ್ತೀರಿ ಎಂಬುದು ಇಲ್ಲಿ ಮುಖ್ಯ. ಎತ್ತರದ ಸಾಗ್ವಾರೊ ಕಳ್ಳಿ ಕಣ್ಣಿಗೆ ಬೀಳುವುದರಿಂದ ತಪ್ಪಿಸಿಕೊಳ್ಳಬಹುದು. ನಮ್ಮ ಪಾಪಾಸುಕಳ್ಳಿಯ ದಾಯಾದಿಗಳೂ ಅಷ್ಟೇ. ಕಾಟ ಕೊಡುವುದು ಚೋಯಾ. ದೂರದಿಂದ ಬೆಳಗಿನ ಬಿಸಿಲಿಗೆ ಮೆತ್ತನೆಯ ಹೊಂಬಣ್ಣದ ಗೊಂಬೆಯಂತೆ ಕಾಣುವ ಕಳ್ಳಿ. ಅದರ ತುಂಡುಗಳು ತಾಯಿಗಿಡಕ್ಕೆ ಸಡಿಲವಾಗಿ ಅಂಟಿಕೊಂಡಿರುತ್ತವೆ, ಸವರಿದರೆ ಸಾಕು ಕಿತ್ತು ಬರುತ್ತವೆ. ಆ ದಿನ ಮುಂದಿನ ಚಕ್ರ ಎತ್ತಿ ಎಸೆದ ನಿಂಬೆಗಾತ್ರದ ತುಂಡೊಂದು ಹಿಂದಿನವರ ಮೀನಖಂಡಕ್ಕೆ ಕೂತಿತು. ಕೈಯಿಂದ ಕೀಳಲು ಹೋದರೆ ಅದು ಕಾಲು ಬಿಟ್ಟು ಕೈ ಹಿಡಿಯುತ್ತದೆ, ಇನ್ನೊಂದು ಬೂಟಿನಿಂದ ಒದ್ದರೆ ಎರಡು ಕಾಲನ್ನೂ ಹೊಲಿಯುತ್ತದೆ. ಇದಕ್ಕೆ ಬೇಕಾದದ್ದು ಅಗಲ ಹಲ್ಲಿನ ಬಾಚಣಿಗೆ. ಚರ್ಮಕ್ಕೂ ತುಂಡಿಗೂ ನಡುವೆ ಹಲ್ಲುಗಳನ್ನು ನಿಧಾನ ತೂರಿಸಿ, ಮುಖ ಆಚೆ ಮಾಡಿ, ಒಂದೇ ಸಲ ಹೊರಮುಖವಾಗಿ ಚಿಮ್ಮಬೇಕು. ಆ ದಿಕ್ಕಿನಲ್ಲಿ ಯಾರೂ ನಿಂತಿರಬಾರದು. ಉಳಿದ ಮುಳ್ಳುಗಳನ್ನು ಇಕ್ಕಳದಿಂದ ಹಿಡಿದು, ಒಳಹೋದ ಕೋನದಲ್ಲೇ ಎಳೆಯಬೇಕು. ಮುಳ್ಳಿನ ತುದಿಯ ಸುತ್ತ ಕಣ್ಣಿಗೆ ಕಾಣದ ಹಿಮ್ಮುಖ ಕೊಕ್ಕೆಗಳಿರುವುದರಿಂದ ಹೋಗುವಾಗಿನ ನೋವಿಗಿಂತ ಬರುವಾಗಿನ ನೋವು ಜಾಸ್ತಿ. ಬಾಚಣಿಗೆ ತರುವುದನ್ನು ತಮಾಷೆ ಮಾಡಿದವರೇ ಅಂದು ಅದನ್ನು ಬಳಸಿದ್ದು.

ನೀರಿನ ಲೆಕ್ಕ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್. ಬೆನ್ನಿನ ಚೀಲದಲ್ಲಿ 3 ಲೀಟರ್ ಇಟ್ಟುಕೊಂಡು ಒಂದೂವರೆ ಖಾಲಿಯಾದಾಗ ಎಲ್ಲಿದ್ದರೂ ತಿರುಗಬೇಕು. ಬೆವರು ಕಾಣಲಿಲ್ಲ ಎಂದು ಮೋಸಹೋಗಬಾರದು. ಗಾಳಿ ಎಷ್ಟು ಒಣಗಿರುತ್ತದೆಂದರೆ ಬೆವರು ಹನಿಯಾಗುವ ಮೊದಲೇ ಆರುತ್ತದೆ, ಕತ್ತಿನ ಪಟ್ಟಿಯಲ್ಲಿ ಬಿಳಿ ಉಪ್ಪು ಮಾತ್ರ ಉಳಿಯುತ್ತದೆ. ಹತ್ತು ಕಿ.ಮೀ. ಹೋಗಿ, ಅಷ್ಟೇ ತಿರುಗಿ ಬಂದು, 8.30ಕ್ಕೆ ಕಾರಿನ ಹತ್ತಿರ. ಒಟ್ಟು ಎರಡು ಗಂಟೆ. ಗಾಳಿ ಒಂದು ಪಿಎಸ್‌ಐ ಕೂಡ ಇಳಿದಿರಲಿಲ್ಲ. ಸೀಲೆಂಟಿನ ಮೇಲೆ ಭಕ್ತಿ ಹುಟ್ಟುವುದು ಹೀಗೆ.

ಐ-17 ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗುವಾಗ ಫೀನಿಕ್ಸ್‌ನ 330 ಮೀಟರಿನಿಂದ ಫ್ಲಾಗ್‌ಸ್ಟಾಫ್‌ನ 2,100 ಮೀಟರಿಗೆ ಏರುತ್ತೇವೆ. ಹಿಮ ಕಟ್ಟುವ ಎತ್ತರ ಬರುತ್ತಿದ್ದಂತೆ ಸಾಗ್ವಾರೊ ನಿಂತುಹೋಗುತ್ತದೆ. ಆಮೇಲೆ ಹುಲ್ಲು, ಕುಳ್ಳ ಜೂನಿಪರ್, ಕೊನೆಗೆ ಒಮ್ಮೆಲೇ ಪಾಂಡರೋಸಾ ಪೈನ್. ನೆಟ್ಟಗಿನ ಮರ, ಕಿತ್ತಳೆ ಮಿಶ್ರಿತ ಕಂದು ತೊಗಟೆ. ಬಿಸಿಲು ಬಿದ್ದ ತೊಗಟೆಯ ಸೀಳಿಗೆ ಮೂಗು ಹಚ್ಚಿದರೆ ವೆನಿಲಾ ವಾಸನೆ.

ಇಳಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಗೇಜು ಹಿಡಿಯುವುದು. ಬೆಳಿಗ್ಗೆ 24 ಇದ್ದ ಹಿಂದಿನ ಟೈರು, ಯಾರೂ ಪಂಪು ಮುಟ್ಟದೆ, 26 ತೋರಿಸಿತು. ಕಾರಣ ಸರಳ. ಗೇಜು ಅಳೆಯುವುದು ಒಳಗಿನ ಒತ್ತಡಕ್ಕೂ ಹೊರಗಿನ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು. ಈ ಎತ್ತರದಲ್ಲಿ ಹೊರಗಿನದು ಫೀನಿಕ್ಸ್‌ಗಿಂತ 2.7 ಪಿಎಸ್‌ಐಯಷ್ಟು ಕಡಿಮೆ. ಐದಾರು ಡಿಗ್ರಿ ತಂಪಿನಿಂದ ಒಳಗಿನದು ಮುಕ್ಕಾಲು ಪಿಎಸ್‌ಐ ಇಳಿದರೂ ಎರಡು ಹೆಚ್ಚೇ ಉಳಿಯುತ್ತದೆ. ಎರಡೇನು ಮಹಾ ಅನ್ನಬೇಡಿ. 24ಕ್ಕೆ ಎರಡೆಂದರೆ ನೂರಕ್ಕೆ ಎಂಟು. ಬೇರಿನ ಮೇಲೆ ಟೈರು ಮಡಿಯುವ ಬದಲು ಪುಟಿಯುತ್ತದೆ. ಮುಂದಿನ ಚಕ್ರದ ಕುಲುಕು ತಡೆಯುವ, ಗಾಳಿ ತುಂಬಿದ ಫೋರ್ಕಿನಲ್ಲಿ ಮಾತ್ರ 80 ಇದ್ದದ್ದು 81 ಆಗಿತ್ತು ಅಷ್ಟೆ, ಅದನ್ನು ಮುಟ್ಟುವ ಅಗತ್ಯವಿಲ್ಲ. ಟೈರಿನ ಗಾಳಿ ಹಿಂದೆ 23, ಮುಂದೆ 21ಕ್ಕೆ ಇಳಿಸಿದ್ದಾಯಿತು.

ಟೈರಿಗೆ ಹೆಚ್ಚಾದದ್ದು ಎದೆಗೆ ಕಡಿಮೆ. ಉಸಿರಿಗೆ ಸಿಗುವ ಆಮ್ಲಜನಕ ಬೆಳಿಗ್ಗೆಗಿಂತ ಐದನೇ ಒಂದು ಪಾಲು ಕಡಿಮೆ. ಶುಲ್ಟ್ಸ್ ಕ್ರೀಕ್ ಟ್ರೈಲು ಹಳ್ಳದ ಪಕ್ಕದಲ್ಲೇ ಐದಾರು ಕಿ.ಮೀ. ಏರಿ ಕಣಿವೆಯ ನೆತ್ತಿಗೆ ಮುಟ್ಟುತ್ತದೆ. ಏರು 250 ಮೀಟರಿನ ಆಸುಪಾಸು, ಕಾಗದದ ಮೇಲೆ ಏನೂ ಅಲ್ಲ. ಮುಂದೆ 32 ಹಲ್ಲಿನ ಚಕ್ರವಿದ್ದರೆ ಹಿಂದೆ 52 ಹಲ್ಲಿನದಕ್ಕೆ, ಅಂದರೆ ತುಳಿಯಲು ಅತಿ ಹಗುರಾದ ಗೇರಿಗೆ, ನಾಚಿಕೆಯಿಲ್ಲದೆ ಹೋಗಬೇಕು. ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟೇ ವೇಗ. ಒಮ್ಮೆ ಏದುಸಿರು ಹತ್ತಿದರೆ ತಗ್ಗಿನ ಊರಿನಂತೆ ಎರಡು ನಿಮಿಷಕ್ಕೆ ಇಳಿಯುವುದಿಲ್ಲ.

ಏರುವಾಗ ಕಾಡನ್ನು ಓದಲು ಸಮಯ ಸಿಗುತ್ತದೆ. ಬೆಂಕಿ ಇಲ್ಲಿ ನೆನಪಿನ ಮಾತಲ್ಲ. ಜೂನ್ 2010ರಲ್ಲಿ ಯಾರೋ ಆರಿಸದೆ ಬಿಟ್ಟ ಒಲೆಯಿಂದ ಹತ್ತಿದ ಶುಲ್ಟ್ಸ್ ಬೆಂಕಿ 15,000 ಎಕರೆ ಸುಟ್ಟಿತು. 2022ರ ಪೈಪ್‌ಲೈನ್ ಎಂಬ ಹೆಸರಿನ ಕಾಳ್ಗಿಚ್ಚು ಅದಕ್ಕಿಂತ ದೊಡ್ಡದು. ಟ್ರೈಲಿಗೆ ಬೆಂಕಿಗಿಂತ ಆಮೇಲಿನ ಮಳೆ ಹೆಚ್ಚು ಹಾನಿ ಮಾಡುತ್ತದೆ. ಸುಟ್ಟ ಸೂಜಿಯೆಲೆಗಳ ಮೇಣ ಆವಿಯಾಗಿ ಮಣ್ಣಿನ ಕಣಗಳಿಗೆ ಅಂಟಿಕೊಂಡರೆ ನೀರು ಇಂಗುವುದೇ ಇಲ್ಲ, ಎಣ್ಣೆ ಸವರಿದ ಕಾವಲಿಯ ಮೇಲಿನ ಹನಿಯಂತೆ ಜಾರಿ ಹೋಗುತ್ತದೆ. ಹಳ್ಳ ಉಕ್ಕಿ ದಾರಿ ಕೊರೆದು ಕಲ್ಲು ತಂದು ಗುಡ್ಡೆ ಹಾಕುತ್ತದೆ. ಹೋದ ವರ್ಷದ ನಕ್ಷೆಯನ್ನು ನಂಬಬಾರದು ಎನ್ನುವುದು ಇದಕ್ಕೇ. ಮೇಲಿನ ಸ್ಯಾನ್ ಫ್ರಾನ್ಸಿಸ್ಕೊ ಶಿಖರಗಳ ಕಡೆಗೆ ಇನ್ನೊಂದು ಕಟ್ಟುಪಾಡು: ಅದು 1964ರ ವೈಲ್ಡರ್‌ನೆಸ್ ಕಾಯ್ದೆಯಡಿ ಕಾಪಿಟ್ಟ ಕಾಡು, ಅಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ.

ಇಳಿಯುವಾಗ ಮರುಭೂಮಿಯ ಅಭ್ಯಾಸ ಕೈಕೊಡುತ್ತದೆ. ಸೂಜಿಯೆಲೆಗಳ ಹಾಸು ಮೆತ್ತಗಿದೆ ಎಂದು ಅದರ ಮೇಲೆ ತಿರುಗಿದರೆ ಚಾಪೆ ಸಮೇತ ಜಾರಿದಂತೆ. ಸೂಜಿ ಸರಿದು ಮಣ್ಣು ಕಾಣುವ ಕಪ್ಪು ಗೆರೆಯೊಂದು ಇರುತ್ತದೆ, ಅದರಲ್ಲೇ ಇರಬೇಕು. ಬೇರನ್ನು ಅಡ್ಡಲಾಗಿ, ಲಂಬಕೋನಕ್ಕೆ ಹತ್ತಿರದಲ್ಲಿ ದಾಟಬೇಕು. ಅದರ ಉದ್ದಕ್ಕೆ ಓರೆಯಾಗಿ ಹೋದರೆ ಮುಂದಿನ ಚಕ್ರ ಹಳಿ ಹಿಡಿದಂತೆ ಬೇರು ಹೇಳಿದ ಕಡೆಗೆ ಹೋಗುತ್ತದೆ. ನೆರಳು-ಬಿಸಿಲಿನ ಪಟ್ಟೆಯಲ್ಲಿ ಕಪ್ಪು ಕನ್ನಡಕ ಕುರುಡು ಮಾಡುತ್ತದೆ, ತಿಳಿಗಾಜು ಬೇಕು.

ಆ ಪಟ್ಟೆಯಲ್ಲೇ ಕಾಣದೆ ಹೋದದ್ದು ಒಂದು ಕಲ್ಲು. ಇಲ್ಲಿಯ ಬೆಟ್ಟಗಳು ಜ್ವಾಲಾಮುಖಿಯವು, ಕಲ್ಲಿನ ಅಂಚು ಹರಿತ. ಹಿಂದಿನ ಟೈರಿನ ಪಕ್ಕೆ ಸೀಳಿ ಹಾಲು ಪಿಚಕಾರಿಯಂತೆ ಚಿಮ್ಮಿತು. ಬೆಳಿಗ್ಗೆ ಎಂಟು ಮುಳ್ಳು ತಿಂದಿದ್ದು ಇದೇ ಟೈರು. ತೂತು ಮುಚ್ಚುವ ರಬ್ಬರ್ ಬತ್ತಿ ಎರಡು ತುರುಕಿ ನೋಡಿದ್ದಾಯಿತು. ನಡುಪಟ್ಟಿಯ ದಪ್ಪ ರಬ್ಬರಿನಲ್ಲಿ ಬತ್ತಿ ಗಟ್ಟಿಯಾಗಿ ಕೂರುತ್ತದೆ, ಪಕ್ಕೆಯ ತೆಳು ಬಟ್ಟೆಯಲ್ಲಿ ಕೂರುವುದಿಲ್ಲ, ಟೈರು ಬಗ್ಗಿದಾಗಲೆಲ್ಲ ಸೀಳು ಬಾಯಿ ತೆರೆಯುತ್ತದೆ. ಇನ್ನು ಉಳಿದದ್ದು ಟ್ಯೂಬು. ಚಕ್ರ ಬಿಚ್ಚಿ, ಟೈರಿನ ಒಂದು ಅಂಚು ಇಳಿಸಿ, ಟ್ಯೂಬ್‌ಲೆಸ್ ವಾಲ್ವ್ ತೆಗೆದು, ಸೀಳಿನ ಒಳಮೈಗೆ ಹಳೇ ಟೈರಿನಿಂದ ಕತ್ತರಿಸಿಟ್ಟುಕೊಂಡಿದ್ದ ಮೂರು ಬೆರಳಗಲದ ತುಂಡು ಇಟ್ಟು, ಟ್ಯೂಬು ಹಾಕಿ, 25 ಗ್ರಾಮಿನ ಕಾರ್ಬನ್ ಡೈಆಕ್ಸೈಡ್ ಕೊಳವೆಯಿಂದ ಗಾಳಿ. 16 ಗ್ರಾಮಿನದು ಇಷ್ಟು ದೊಡ್ಡ ಟೈರಿಗೆ ಅರೆಹೊಟ್ಟೆ.

ಎರಡು ನೂರು ಮೀಟರ್ ಹೋಗುವಷ್ಟರಲ್ಲಿ ಮತ್ತೆ ಚಪ್ಪಟೆ.

ಸೀಳು ಸರಿಯಾಗಿಯೇ ಮುಚ್ಚಿತ್ತು. ಟ್ಯೂಬಿಗೆ ಗಾಳಿ ಹೊಡೆದು ಕಿವಿಯ ಹತ್ತಿರ ತಿರುಗಿಸಿದರೆ ಸೀಳಿನಿಂದ ಬಹುದೂರದಲ್ಲಿ, ನಡುಪಟ್ಟಿಯ ಕಡೆ, ಸೂಜಿಮೊನೆಯಷ್ಟು ತೂತುಗಳು ಎರಡು. ಬೆಳಿಗ್ಗೆ ಬೂಟಿನಿಂದ ತಲೆ ಹಾರಿಸಿದ ನೆಗ್ಗಿಲಿನ ತುದಿಗಳು ಟೈರಿನೊಳಗೆ ಎದ್ದು ನಿಂತಿದ್ದವು. ಟ್ಯೂಬ್ ಇಲ್ಲದಿದ್ದಾಗ ಹಾಲು ಅವುಗಳ ಸುತ್ತ ಗಟ್ಟಿಯಾಗಿ ಗಾಳಿ ಹಿಡಿದಿತ್ತು, ಟ್ಯೂಬು ಬಂದ ಕೂಡಲೇ ಅದೇ ಮೊನೆಗಳು ಅದನ್ನು ಚುಚ್ಚಿದವು.

ಹುಡುಕಲು ಬರಿ ಬೆರಳು ಬೇಡ, ಬೆರಳು ಕೊಯ್ಯುತ್ತದೆ, ಮೇಲಾಗಿ ಹಾಲಿನ ಜಿಗುಟಿನಲ್ಲಿ ಮೊನೆ ತಿಳಿಯುವುದೂ ಇಲ್ಲ. ಕಾಲುಚೀಲವನ್ನು ಕೈಗೆ ಹಾಕಿಕೊಂಡು ಟೈರಿನ ಒಳಮೈಯನ್ನು ಎರಡೂ ದಿಕ್ಕಿನಲ್ಲಿ ಸವರಬೇಕು. ನೂಲು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳು. ಎರಡು ದಿಕ್ಕು ಯಾಕೆಂದರೆ ಓರೆಯಾಗಿ ಹೋದ ಮುಳ್ಳು ಒಂದು ಕಡೆಯಿಂದ ಸವರಿದರೆ ಮಲಗಿ ತಪ್ಪಿಸಿಕೊಳ್ಳುತ್ತದೆ. ತುದಿ ಸಿಕ್ಕಿದಲ್ಲಿ ಹೊರಗಿನಿಂದ ಎಳೆಯಲು ತಲೆಯೇ ಇಲ್ಲ, ಟೈರನ್ನು ಒಳಗು ಹೊರಗು ಮಡಿಸಿ ಒಳಗಿನಿಂದಲೇ ಇಕ್ಕಳ ಹಾಕಬೇಕು. ಚೋಯಾಕ್ಕೆಂದು ತಂದ ಇಕ್ಕಳ ಇಲ್ಲಿಗೂ ಆಯಿತು. ಒಂದು, ಎರಡು, ಹೀಗೆ ಏಳು ಸಿಕ್ಕವು. ಎಂಟಿರಬೇಕಲ್ಲ ಎಂದು ಮತ್ತೊಂದು ಸುತ್ತು ಸವರಿದಾಗ ಎಂಟನೆಯದು ಗುಬಟಿನ ಬುಡದಲ್ಲಿ ಸಿಕ್ಕಿತು. ಅದರ ಪಕ್ಕದಲ್ಲಿ ಹೊಂಬಣ್ಣದ ಒಂದು ಚೋಯಾ ಮುಳ್ಳು. ಅದು ಲೆಕ್ಕದಲ್ಲೇ ಇರಲಿಲ್ಲ.

ಎರಡನೆಯ ಟ್ಯೂಬಿಗೆ ಕೈಪಂಪಿನಿಂದ 240 ಸಲ ಹೊಡೆದದ್ದಾಯಿತು, ಈ ಎತ್ತರದ ತೆಳುಗಾಳಿಯಲ್ಲಿ ಪಂಪಿಗೂ ಪ್ರತಿ ಹೊಡೆತಕ್ಕೆ ಕಡಿಮೆ ಗಾಳಿಯೇ ಸಿಗುವುದು. 28 ಪಿಎಸ್‌ಐ ಹಾಕಿದ್ದು ಬೇಕೆಂದೇ. ಟ್ಯೂಬು ಇದ್ದಾಗ ಗಾಳಿ ಕಡಿಮೆಯಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ. ಅಷ್ಟರಲ್ಲಿ 6 ಗಂಟೆ ಹತ್ತಿರವಾಗಿ ಸೂರ್ಯ ಮರೆಯಾಗಿದ್ದ, ಬೆವರಿದ ಅಂಗಿ ಬೆನ್ನಿಗೆ ತಣ್ಣಗೆ ಅಂಟಿತ್ತು. ಬೆಳಿಗ್ಗೆ ಭಾರವೆಂದು ಕಾರಿನಲ್ಲೇ ಬಿಟ್ಟಿದ್ದ ಗಾಳಿತಡೆ ಜಾಕೆಟ್ ಮಧ್ಯಾಹ್ನ ಚೀಲಕ್ಕೆ ಬಂದಿದ್ದರಿಂದ ಉಳಿದ ಮೂರು ಕಿ.ಮೀ. ನಡುಗದೆ ಇಳಿಯಲು ಆಯಿತು.

ಮಿಕ್ಕ ಎರಡು ಸೈಕಲ್ಲಿನ ಟೈರುಗಳಲ್ಲೂ ಬೆಳಗಿನ ತುದಿಗಳು ಹಾಗೇ ಇದ್ದವು. ಕಾರಿನ ಹತ್ತಿರ ಟಾರ್ಚ್ ಹಿಡಿದು ನೋಡಿ, ಗಾಳಿ ನಿಂತಿರುವುದನ್ನು ಖಚಿತ ಮಾಡಿಕೊಂಡು, ಅವುಗಳನ್ನು ಮುಟ್ಟದೆ ಮನೆಗೆ ಒಯ್ದದ್ದಾಯಿತು. ಕೀಳುವ ಕೆಲಸ ಮರುದಿನ ಗ್ಯಾರೇಜಿನಲ್ಲಿ, ಪಕ್ಕದಲ್ಲಿ ನಿಲ್ಲುವ ಪಂಪು ಮತ್ತು ಅರ್ಧ ಬಾಟಲಿ ಸೀಲೆಂಟ್ ಇಟ್ಟುಕೊಂಡು.