ಟ್ರೈಲರ್ ಒಳಗಿನ ಮಳೆ ಕೊನೆಗೂ ನಿಂತಿತು

ಒಣಗಿದೆ! ಗಾಡಿ ಹಿಂದೆ ಎಳೆದುಕೊಂಡು ಹೋಗಿ ಒಳಗೇ ಮಲಗಲು ಕಟ್ಟಿಕೊಂಡ ನಮ್ಮ ಪುಟ್ಟ ಟ್ರೈಲರಿನ ಹಾಸಿಗೆ ಅಡಿ, ಮೂಲೆ, ಕಿಟಕಿ ಚೌಕಟ್ಟು, ಎಲ್ಲಾ ಒಣ. ಊಟಿಯ ಜನವರಿ ಚಳಿಯಲ್ಲಿ ಇಬ್ಬರು ಮಲಗಿ ಎದ್ದ ಮೇಲೂ ಒಣ. ಹೋದ ವರ್ಷ ಇದೇ ಹೊತ್ತಿಗೆ ನನ್ನವಳು ದಿಂಬು ಹಿಂಡಿ ತೋರಿಸಿದ್ದಳು.

ಚಾಸಿ, ಆಕ್ಸಲ್, ಹಿಚ್, ಆರ್‌ಟಿಒ ಪುರಾಣ ಎಲ್ಲ ಬಿಡುತ್ತೇನೆ, ಟ್ರೈಲರ್ ಕಟ್ಟಿದವರಿಗೆ ಅದು ಗೊತ್ತಿದ್ದದ್ದೇ. ದಾರಿ ಬಗ್ಗೆ ಮಾತ್ರ ಸ್ವಲ್ಪ. ಬಂಡೀಪುರದ ಗೇಟ್ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಶಿರಸಿಯಿಂದ ಟ್ರೈಲರ್ ಎಳೆದುಕೊಂಡು ಒಂದೇ ದಿನಕ್ಕೆ ದಾಟುವ ಹುಮ್ಮಸ್ಸು ಬೇಡ, ಗುಂಡ್ಲುಪೇಟೆಯಲ್ಲಿ ಮಲಗಿ. ಕಲ್ಲಟ್ಟಿ ಘಾಟಿಯ 36 ಹೇರ್‌ಪಿನ್ ತಿರುವುಗಳಿಗೆ ದೂರದಿಂದಲೇ ಕೈ ಮುಗಿದು ಗೂಡಲೂರು ಮೇಲೆ ಹೋಗಿ. ನೀಲಗಿರಿಯ ಇ-ಪಾಸ್ ಮರೆಯಬೇಡಿ. ಸಂಕ್ರಾಂತಿ ರಜೆ ಮುಗಿದ ಮೇಲೆ ಕೇಳಿದರೆ ಹೋಂಸ್ಟೇಯವರು ಅಂಗಳ ಬಿಟ್ಟುಕೊಡುತ್ತಾರೆ. ಮೇ ತಿಂಗಳಲ್ಲಿ ಕೇಳಿದರೆ ಸುಮ್ನೆ ನಗುತ್ತಾರೆ.

ಈಗ ನೀರಿನ ವಿಷಯ. ನಮ್ಮ ವೆಲ್ಡಿಂಗ್ ಹುಡುಗ ಮೊದಲಿಂದ ಹೇಳಿದ್ದು ಒಂದೇ, "ಅಣ್ಣಾ, ಚಾವಣಿ ಸೋರ್ತಾ ಇದೆ." ಮಳೆಯೇ ಇಲ್ಲದ ಜನವರಿಯಲ್ಲಿ ಸೋರುವುದು ಏನು ಮಾರಾಯಾ? ಆದರೂ ಅವನ ಸಮಾಧಾನಕ್ಕೆ ಟ್ಯೂಬುಗಟ್ಟಲೆ ಸೀಲೆಂಟ್ ಬಳಿದದ್ದಾಯಿತು. ನೀರು ಬರುವುದು ನಿಲ್ಲಲಿಲ್ಲ.

ಬೆಳಗಿನ ಜಾವ ಟಾರ್ಚ್ ಹಿಡಿದು ನೋಡಿದಾಗ ಗೊತ್ತಾಯಿತು. ಚಾವಣಿಯ ಕ್ಯಾರಿಯರ್‌ಗೆ ಹಾಕಿದ ಬೋಲ್ಟುಗಳ ತಲೆ ಮಾತ್ರ, ತಣ್ಣೀರು ತುಂಬಿದ ತಂಬಿಗೆಯ ಹಾಗೆ ಬೆವರಿತ್ತು. ಸುತ್ತಲಿನ ಪ್ಲೈವುಡ್ ಒಣಗಿಯೇ ಇತ್ತು. ಹನಿ ಬೋಲ್ಟಿನ ಅಂಚಿಗೆ ಬಂದು, ದಪ್ಪಗಾಗಿ, ಸರಿಯಾಗಿ ನನ್ನ ದಿಂಬಿನ ಮೇಲೆ ಟಪ್ ಅಂತ ಬೀಳುತ್ತಿತ್ತು. ಹೊರಗೆ ಹುಲ್ಲಿನ ಮೇಲೆ ಹಿಮ ಕಟ್ಟಿದೆ, ಆ ಚಳಿ ಬೋಲ್ಟ್ ಹಿಡಿದುಕೊಂಡು ನೇರ ಒಳಗೆ ಇಳಿಯುತ್ತಿದೆ.

ಲೆಕ್ಕ ಹಾಕಿದೆ. ಒಳಗೆ 18 ಡಿಗ್ರಿ, ತೇವಾಂಶ ಶೇಕಡಾ 75 ಅಂದರೆ, 13 ಡಿಗ್ರಿ ಚಿಲ್ಲರೆಗಿಂತ ತಣ್ಣಗಿರುವ ಯಾವ ಜಾಗದಲ್ಲೂ ನೀರು ಕೂರುತ್ತದೆ. ನಮ್ಮ ಟ್ರೈಲರ್ ಒಳಗೆ ಇರುವುದು ಐದು ಘನ ಮೀಟರ್ ಜಾಗ, 18 ಡಿಗ್ರಿಯಲ್ಲಿ ಅಷ್ಟು ಗಾಳಿ ಹೊರುವ ಆವಿ ಬರೀ 75 ಗ್ರಾಂ ಆಸುಪಾಸು. ಇಬ್ಬರು ರಾತ್ರಿಯಿಡೀ ಉಸಿರಾಡಿದರೆ ಬೆಳಗಾಗುವಷ್ಟರಲ್ಲಿ ಅರ್ಧ ಲೀಟರ್ ಹತ್ತಿರ. ಉಳಿದದ್ದು ಎಲ್ಲಿಗೆ ಹೋಗಬೇಕು? ಗೋಡೆಗೆ, ಬೋಲ್ಟಿಗೆ, ಹಾಸಿಗೆ ಅಡಿಗೆ. ಸಾಲದ್ದಕ್ಕೆ ಒಳಗೇ ಚಹಾ. ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಕಿಲೋಗಿಂತ ಜಾಸ್ತಿ ನೀರಿನ ಆವಿ ಹುಟ್ಟುತ್ತದೆ, ಪಾತ್ರೆಯಲ್ಲಿ ಕುದಿಯುವುದು ಬೇರೆ.

ಎಲ್ಲರೂ ಹೇಳುವುದು ಇನ್ನಷ್ಟು ಇನ್ಸುಲೇಷನ್ (ಚಳಿ ತಡೆಯುವ ಪದರ) ಹಾಕಿ, ಸಂದಿ ಮುಚ್ಚಿ ಅಂತ. ಅದಕ್ಕೆ ಹುಬ್ಬಳ್ಳಿಯ ಅಂಗಡಿಯವನಿಗೆ ಎಕ್ಸ್‌ಪಿಎಸ್ ಅನ್ನುವ ಗಟ್ಟಿ ಫೋಮ್ ಶೀಟ್ ಕೇಳಿದರೆ, ಬಂದದ್ದು ಟಿವಿ ಡಬ್ಬದೊಳಗಿನ ಬಿಳಿ ಥರ್ಮೋಕೋಲ್. ಫೋನ್ ಮಾಡಿದರೆ "ಎರಡೂ ಒಂದೇ ರೀ ಸರ್!" ಒಂದೇ ಆಗಿದ್ದರೆ ಬಿಲ್ಲಿನಲ್ಲಿ ರೇಟು ಯಾಕೆ ಬೇರೆ? ಆದರೆ ನನ್ನ ಪ್ರಕಾರ ಸಂದಿ ಮುಚ್ಚುವುದೇ ತಪ್ಪು ದಾರಿ. ಆವಿ ಹೊರಗೆ ಹೋಗಲೇಬೇಕು.

ಈ ಸಲ ಕಾಲ ಬದಿಗೆ ನೆಲದ ಹತ್ತಿರ ಒಂದು ಜಾಲರಿ ಕಿಂಡಿ, ತಲೆ ಬದಿಗೆ ಚಾವಣಿಯಲ್ಲಿ ಇನ್ನೊಂದು, ಅದಕ್ಕೆ ಹಳೇ ಕಂಪ್ಯೂಟರಿನ 12 ವೋಲ್ಟ್ ಫ್ಯಾನು. ರಾತ್ರಿಯಿಡೀ ಓಡುತ್ತದೆ, ಬ್ಯಾಟರಿಗೆ ಗೊತ್ತೂ ಆಗುವುದಿಲ್ಲ. ಬೋಲ್ಟ್ ತಲೆಗಳ ಮೇಲೆ ಅದೇ ಥರ್ಮೋಕೋಲ್ ತುಂಡು, ಅಂಚಿಗೆ ಗಾಳಿ ನುಗ್ಗದ ಹಾಗೆ ಸೀಲೆಂಟ್. ಹಾಸಿಗೆ ಕೆಳಗೆ ಅಡಿಕೆ ದಬ್ಬೆ! ತೋಟದಲ್ಲಿ ಬಿದ್ದ ಮರ ಸೀಳಿ, ಬೆರಳು ತೂರುವಷ್ಟು ಸಂದಿ ಬಿಟ್ಟು ಹೊಡೆದೆ. ಅಟ್ಟದ ಮೇಲೆ ಅಡಿಕೆ ಒಣಗುವುದಾದರೆ ನಾವು ಯಾಕೆ ಒಣಗಬಾರದು? ಸಿಬಿರು ಮಾತ್ರ ಚೆನ್ನಾಗಿ ಕೆರೆದು ತೆಗೆಯಿರಿ. ಶಿರಸಿ ಇರುವುದು 600 ಮೀಟರ್ ಆಸುಪಾಸಿನಲ್ಲಿ, ಇಲ್ಲಿಯ ಚಳಿಗೆ ಬೋಲ್ಟ್ ಬೆವರುವುದೇ ಇಲ್ಲ. ಹಾಗಾಗಿ ಪರೀಕ್ಷೆಗೆ ಮತ್ತೆ 2,240 ಮೀಟರ್ ಎತ್ತರದ ಊಟಿಯೇ ಬೇಕಾಯಿತು. ಒಳಗೆ ಎರಡು ಮೂರು ಡಿಗ್ರಿ ಇಳಿಯಿತು, ನಿಜ. ಒಂದು ಕಂಬಳಿ ಜಾಸ್ತಿ.

ಅಡುಗೆ ಈಗ ಹಿಂದಿನ ಬಾಗಿಲಿನ ಹೊರಗೆ. ಅಲ್ಲಿ ಬೇರೆ ತಕರಾರು. ಸಿಲಿಂಡರಿನ ಗ್ಯಾಸಿನಲ್ಲಿರುವ ಬ್ಯೂಟೇನ್ ಕುದಿಯುವುದು ಸೊನ್ನೆಗೆ ಒಂಚೂರು ಕೆಳಗೆ, ಅದಕ್ಕಿಂತ ತಣ್ಣಗಾದರೆ ಕುದಿದು ಆವಿಯಾಗುವುದಿಲ್ಲ. ಹಿಮ ಬಿದ್ದ ಬೆಳಿಗ್ಗೆ, ಅರ್ಧ ಖಾಲಿಯಾದ ಸಿಲಿಂಡರಿನಿಂದ ಉರಿ ಮೇಲೇಳುವುದೇ ಇಲ್ಲ. ಉಗುರುಬೆಚ್ಚಗಿನ ನೀರಿನ ಬುಟ್ಟಿಯಲ್ಲಿ ನಿಲ್ಲಿಸಿದ ಮೇಲೆ ಚಹಾ ಕುದಿಯಿತು. ಆ ನೀರು ಬಿಸಿ ಮಾಡಿದ್ದು ಹೋಂಸ್ಟೇಯವರ ಒಲೆಯಲ್ಲಿ, ನಗಬೇಡಿ. ಚಳಿ ಅಂತ ಕೆಂಡದ ಅಗ್ಗಿಷ್ಟಿಕೆ ಮಾತ್ರ ಒಳಗೆ ಇಡಲೇಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

ಮುಂದಿನ ಕೆಲಸ ಡೀಸೆಲ್ ಹೀಟರ್. ಉರಿಯಲು ಹೊರಗಿನ ಗಾಳಿ ಎಳೆದು, ಹೊಗೆಯನ್ನೂ ಹೊರಗೇ ಬಿಡುವುದರಿಂದ ಒಳಗೆ ಬರುವುದು ಒಣ ಶಾಖ. ಆರ್ಡರ್ ಮಾಡಿದ್ದು 12 ವೋಲ್ಟಿನದು. ಬಂದಿರುವ ಡಬ್ಬದ ಮೇಲೆ 24 ಅಂತ ಅಚ್ಚಾಗಿದೆ, ಒಳಗಿನ ಚೀಟಿಯಲ್ಲಿ 12, ಮೋಟರ್ ಮೇಲೆ ಏನೂ ಇಲ್ಲ. ಮಾರಿದವನು ಫೋನ್ ಎತ್ತುತ್ತಿಲ್ಲ. ಲಾರಿಯ 24 ವೋಲ್ಟ್ ಬ್ಯಾಟರಿ ಇರುವ ಗೆಳೆಯರು ಯಾರಾದರೂ ಶಿರಸಿ ಕಡೆ ಬಂದರೆ ಹೇಳಿ, ಹಚ್ಚಿ ನೋಡೋಣ.